ದುಃಶ್ರುತಿ ಯಾವುದು? ‘ಜುಗಾರಿ ಕ್ರಾಸ್’ ಕುರಿತ ವಾದಕ್ಕೆ ಒಂದು ಪ್ರತಿವಾದ

ಬಸದಿಯ ಪುಸ್ತಕ ಭಂಡಾರದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಕಾದಂಬರಿಗೆ ಸ್ಥಳವುಂಟೇ ಇಲ್ಲವೇ ಎಂಬ ಪ್ರಶ್ನೆ ಹೊರಗಿನವರಿಗೆ ನಗು ತರಿಸಬಹುದು. ದೊಡ್ಡಬಳ್ಳಾಪುರ, ನೆಲಮಂಗಲ, ದೇವನಹಳ್ಳಿ, ಹೊಸಕೋಟೆಗಳ ಶ್ರಾವಕ ಮನೆಗಳಲ್ಲಿ ಮಾತ್ರ ಇದು ನಗುವ ವಿಷಯವಾಗಿ ಉಳಿದಿಲ್ಲ. ಒಂದೇ ಮನೆಯಲ್ಲಿ ಮೊಮ್ಮಗಳು ಅದನ್ನು ರಾತ್ರಿಯಿಡೀ ಕುಳಿತು ಓದಿ ಮುಗಿಸುತ್ತಾಳೆ, ಅಜ್ಜ ಅದನ್ನು ಸ್ವಾಧ್ಯಾಯದ ಗ್ರಂಥಗಳ ಕಪಾಟಿನಿಂದ ತೆಗೆದು ಅಟ್ಟಕ್ಕೆ ಹಾಕಿಸುತ್ತಾರೆ, ಮಗ ಇಬ್ಬರನ್ನೂ ಸಮಾಧಾನಪಡಿಸಲು ‘ಅದೊಂದು ಕಥೆ, ಬಿಡಿ’ ಎನ್ನುತ್ತಾನೆ. ಈ ಮೂವರಲ್ಲಿ ಅತ್ಯಂತ ತಪ್ಪು ಮಾತನಾಡಿದವನು ಮಗ. ಅಜ್ಜನದೂ ತಪ್ಪೇ, ಆದರೆ ಅವರ ತಪ್ಪಿಗೆ ಶಾಸ್ತ್ರದ ಆಧಾರವಾದರೂ ಇದೆ.

ಕಾದಂಬರಿಯನ್ನು ಓದದವರಿಗಾಗಿ ಎರಡು ಮಾತು. 1990ರ ದಶಕದಲ್ಲಿ ಹೊರಬಂದ ಈ ಕೃತಿಯ ಕಥೆ ಪಶ್ಚಿಮಘಟ್ಟದ ದಟ್ಟಡವಿಯಲ್ಲಿ ಒಂದು ಹಗಲು ರಾತ್ರಿಯ ಅವಧಿಯಲ್ಲಿ ನಡೆಯುತ್ತದೆ. ಸುರೇಶ ಮತ್ತು ಗೌರಿ ಎಂಬ ಏಲಕ್ಕಿ ಬೆಳೆಗಾರ ದಂಪತಿ ತಮಗೆ ಅರಿವಿಲ್ಲದೆಯೇ ಕಾಡಿನ ಕಳ್ಳವ್ಯವಹಾರದವರ ಜಾಲದಲ್ಲಿ ಸಿಲುಕುತ್ತಾರೆ. ಹಳೆಯ ಕಾವ್ಯವೊಂದರ ಹಸ್ತಪ್ರತಿ, ಅದರಲ್ಲಿ ಹುದುಗಿರುವ ಕೆಂಪುಕಲ್ಲಿನ ಗುಟ್ಟು, ಬೆನ್ನಟ್ಟಿ ಬರುವ ಕೊಲೆಗಡುಕರು, ಪ್ರಾಣ ಉಳಿಸಿಕೊಳ್ಳುವ ಪರದಾಟ, ಇವೆಲ್ಲ ಸೇರಿ ಓದುಗನನ್ನು ಪುಟದಿಂದ ಪುಟಕ್ಕೆ ಎಳೆದೊಯ್ಯುತ್ತವೆ. ‘ಕರ್ವಾಲೊ’ ಬರೆದ ಲೇಖಕರು, ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು, ಪತ್ತೇದಾರಿಯ ಮಟ್ಟಕ್ಕೆ ಇಳಿದರೆಂದು ಕೆಲವರು ಮೂಗು ಮುರಿದದ್ದುಂಟು. ಇನ್ನು ಕೆಲವರು ಇದೇ ಅವರ ಅತ್ಯಂತ ಎಚ್ಚರದ ಕೃತಿಯೆಂದರು. ಸಾಹಿತ್ಯ ವಿಮರ್ಶಕರ ಈ ಜಗಳ ಅವರಿಗೇ ಇರಲಿ. ಶ್ರಾವಕರ ಆಕ್ಷೇಪ ಬೇರೆ ಬಗೆಯದು, ಅದನ್ನು ಅದರ ನೆಲೆಯಲ್ಲಿಯೇ ಪರಿಶೀಲಿಸಬೇಕು.

ಹಿರಿಯರ ಆಕ್ಷೇಪದ ಬಲವನ್ನು ಕಡಿಮೆ ಮಾಡಿ ಹೇಳುವುದು ನ್ಯಾಯವಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ಹೇಳಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪ ಇವು. ಇವುಗಳಲ್ಲಿ ದುಃಶ್ರುತಿಯೆಂದರೆ ಕೇಳಬಾರದ್ದನ್ನು ಕೇಳುವುದು. ಯಾವುದನ್ನು ಕೇಳಬಾರದೆಂದು ವಿವರಿಸುವಾಗ ಆಚಾರ್ಯರು ಆರಂಭ, ಪರಿಗ್ರಹ, ಮಿಥ್ಯಾತ್ವ, ರಾಗ, ದ್ವೇಷಗಳ ಸಾಲಿನಲ್ಲಿ ಸಾಹಸವನ್ನೂ ಹೆಸರಿಸಿದ್ದಾರೆ. ಸಾಹಸ! ಈ ಒಂದು ಪದವನ್ನು ಹಿಡಿದು ಹಿರಿಯರು ಕೇಳುತ್ತಾರೆ: ಕಾಡಿನಲ್ಲಿ ಅಟ್ಟಾಡಿಸುವ, ಹೊಡೆದಾಡುವ, ಹೆಣ ಬೀಳಿಸುವ ಕಥೆ ಸಾಹಸವಲ್ಲದೆ ಮತ್ತೇನು? ಓದುಗನು ಕೊಲ್ಲುವುದಿಲ್ಲ, ಕೊಲ್ಲಿಸುವುದೂ ಇಲ್ಲ, ಒಪ್ಪಿದೆವು. ಆದರೆ ಖಳನ ತಲೆಗೆ ಪೆಟ್ಟು ಬಿದ್ದಾಗ ‘ಭಲೇ’ ಎಂದು ಒಳಗೇ ಹಿಗ್ಗುವುದಿಲ್ಲವೇ? ಕೃತ, ಕಾರಿತಗಳಿಂದ ತಪ್ಪಿಸಿಕೊಂಡವನು ಅನುಮೋದನೆಯಿಂದ ತಪ್ಪಿಸಿಕೊಂಡನೇ?

ಇದು ಒಳ್ಳೆಯ ಪ್ರಶ್ನೆ. ‘ಅದೊಂದು ಕಥೆ, ಬಿಡಿ’ ಎಂಬ ಉತ್ತರಕ್ಕೆ ಇದರ ಮುಂದೆ ನಿಲ್ಲುವ ಶಕ್ತಿಯಿಲ್ಲ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಓದಿದ ಯಾವ ಜೈನನೂ ಆ ಉತ್ತರವನ್ನು ಕೊಡಲಾರ. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಒಂದು ತೊಟ್ಟು ರಕ್ತ ನೆಲಕ್ಕೆ ಬೀಳಲಿಲ್ಲ. ಆದರೂ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಂಕಟಪಟ್ಟರು, ಏಕೆಂದರೆ ಸಂಕಲ್ಪ ನಿಜವಾಗಿತ್ತು. ಹಿಟ್ಟಿನ ಕೋಳಿಗೆ ಅನ್ವಯಿಸಿದ್ದು ಅಚ್ಚಿನ ಮನುಷ್ಯನಿಗೂ ಅನ್ವಯಿಸಬೇಕು. ಮನರಂಜನೆಗೆಂದು ಓದಿದೆ ಎನ್ನುವವನು ತಾನು ನಿರಪರಾಧಿ ಎಂದು ಸಾಧಿಸುತ್ತಿಲ್ಲ, ‘ಪ್ರಯೋಜನವಿಲ್ಲದೆ ಓದಿದೆ’ ಎಂದು ತಪ್ಪೊಪ್ಪಿಕೊಳ್ಳುತ್ತಿದ್ದಾನೆ. ಅನರ್ಥದಂಡದ ಅರ್ಥವೇ ಅದು.

ಹಾಗಾದರೆ ಅಜ್ಜನ ತೀರ್ಪು ಸರಿಯೇ? ಇಲ್ಲ. ಸಮಂತಭದ್ರರ ಮಾತಿನಲ್ಲಿ ಹಿರಿಯರು ಒಂದು ಪದವನ್ನು ಹಿಡಿದು ಇನ್ನೊಂದನ್ನು ಬಿಟ್ಟಿದ್ದಾರೆ. ಸಾಹಸ ಮೊದಲಾದವುಗಳಿಂದ ಚಿತ್ತವನ್ನು ಕಲುಷಗೊಳಿಸುವ ಶ್ರವಣ ದುಃಶ್ರುತಿಯೆಂದು ಆಚಾರ್ಯರ ಅಭಿಪ್ರಾಯ. ಒರೆಗಲ್ಲು ಇರುವುದು ಕಲುಷ ಎಂಬಲ್ಲಿ. ಸಾಹಸದ ಹೆಸರೆತ್ತಿದ್ದೆಲ್ಲ ತ್ಯಾಜ್ಯವಾದರೆ ಜೈನ ಕಥಾಸಾಹಿತ್ಯದ ಅರ್ಧಭಾಗವನ್ನು ಅದೇ ಅಟ್ಟಕ್ಕೆ ಹಾಕಬೇಕಾದೀತು. ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯಲ್ಲಿ ಧ್ಯಾನಸ್ಥ ಮುನಿಯನ್ನು ನರಿಯೊಂದು ತನ್ನ ಮರಿಗಳೊಡನೆ ಕಾಡಿನಲ್ಲಿ ತಿನ್ನುತ್ತದೆ. ಅದನ್ನು ಓದುವಾಗ ಮೈ ನಡುಗದವರಿಲ್ಲ. ‘ಯಶೋಧರ ಚರಿತೆ’ಯ ಆರಂಭವನ್ನೇ ನೋಡಿ: ಚಂಡಮಾರಿಯ ಗುಡಿ, ಕತ್ತಿ ಹಿಡಿದ ರಾಜ ಮಾರಿದತ್ತ, ಬಲಿಗೆಂದು ಹಿಡಿದು ತಂದ ಇಬ್ಬರು ಎಳೆಯರು. ಆ ಕತ್ತಿ ಬೀಳುತ್ತದೆಯೋ ಇಲ್ಲವೋ ಎಂಬ ಕಾತರದಲ್ಲಿಯೇ ಕೇಳುಗನು ಇಡೀ ಕಥೆ ಕೇಳುತ್ತಾನೆ. ಇಂದಿನ ಪ್ರಕಾಶಕರು ಇದನ್ನು ರೋಮಾಂಚಕ ಎಂದು ರಕ್ಷಾಪುಟದಲ್ಲಿ ಅಚ್ಚು ಹಾಕಿಯಾರು.

ಅದೂ ಇರಲಿ. ಕಾಡಿನಲ್ಲಿ ಬದುಕುಳಿಯಲು ಹೆಣಗುವವನ ಕಥೆಯೆಂಬ ಪ್ರಕಾರವೇ ಜೈನರಿಗೆ ಹೊಸತಲ್ಲ. ಮಧುಬಿಂದುವಿನ ದೃಷ್ಟಾಂತವನ್ನು ಕೇಳದ ಜೈನ ಬಾಲಕನಿಲ್ಲ. ಅಡವಿಯಲ್ಲಿ ದಾರಿ ತಪ್ಪಿದವನನ್ನು ಮದ್ದಾನೆ ಅಟ್ಟಿಸಿಕೊಂಡು ಬರುತ್ತದೆ. ಅವನು ಹಾಳುಬಾವಿಯೊಂದರಲ್ಲಿ ಬೇರು ಹಿಡಿದು ನೇತಾಡುತ್ತಾನೆ. ಕೆಳಗೆ ಬಾಯ್ದೆರೆದ ಹೆಬ್ಬಾವು, ಮೇಲೆ ಬೇರನ್ನು ಕಡಿಯುವ ಬಿಳಿ ಮತ್ತು ಕಪ್ಪು ಇಲಿಗಳು, ಸುತ್ತ ಮುತ್ತುವ ಜೇನ್ನೊಣಗಳು. ಆಗ ಗೂಡಿನಿಂದ ಜೇನಿನ ಒಂದು ಹನಿ ಅವನ ಬಾಯಿಗೆ ಬೀಳುತ್ತದೆ. ಉಳಿದದ್ದನ್ನೆಲ್ಲ ಅವನು ಮರೆಯುತ್ತಾನೆ. ಆರು ಲೇಶ್ಯೆಗಳ ಮರದ ಕಥೆಯೂ ಕಾಡಿನದೇ. ಹಸಿದ ಆರು ಜನ ನೇರಳೆಮರದ ಕೆಳಗೆ ನಿಂತಿದ್ದಾರೆ. ಒಬ್ಬನು ಮರವನ್ನು ಬುಡಸಮೇತ ಕೀಳೋಣವೆನ್ನುತ್ತಾನೆ, ಇನ್ನೊಬ್ಬನು ಕಾಂಡ ಕಡಿಯೋಣವೆನ್ನುತ್ತಾನೆ, ಹೀಗೆ ಕೊಂಬೆ, ರೆಂಬೆ, ಹಣ್ಣುಗಳನ್ನು ದಾಟಿ ಆರನೆಯವನ ಸರದಿ ಬಂದಾಗ ಅವನು ನೆಲಕ್ಕೆ ಬಿದ್ದ ಹಣ್ಣು ಸಾಕು ಎನ್ನುತ್ತಾನೆ. ಹಸಿವು ಎಲ್ಲರಿಗೂ ಒಂದೇ, ಕಾಡೂ ಒಂದೇ. ಶ್ರವಣಬೆಳಗೊಳದ ಜೈನಮಠದ ಗೋಡೆಯ ಮೇಲೆ ಇದರ ಚಿತ್ರವಿದೆ. ಗೋಡೆಯ ಮೇಲೆ ಬರೆಯಲು ಯೋಗ್ಯವಾದ ವಸ್ತು ಕಪಾಟಿನಲ್ಲಿಡಲು ಅಯೋಗ್ಯವಾಗುವುದು ಹೇಗೆ?

ಹಿಂಸೆಯ ಆಕ್ಷೇಪಕ್ಕೂ ಒಂದು ಮಾತು ಸಲ್ಲಬೇಕು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ರೂಢಿ. ಶ್ರಾವಕನು ಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ತನ್ನ, ತನ್ನವರ ಪ್ರಾಣರಕ್ಷಣೆಗಾಗಿ ಅನಿವಾರ್ಯವಾಗಿ ನಡೆಯುವ ವಿರೋಧೀ ಹಿಂಸೆಯಲ್ಲಿ ದೋಷವಿದೆ, ಆದರೆ ಅದು ಗೃಹಸ್ಥನ ವ್ರತವನ್ನು ಮುರಿಯುವುದಿಲ್ಲ. ಸುರೇಶ-ಗೌರಿಯರು ಯಾರನ್ನೂ ಬೇಟೆಯಾಡಲು ಹೊರಟವರಲ್ಲ. ಬೆನ್ನಟ್ಟಿ ಬಂದವರಿಂದ ಉಳಿಯಲು ನೋಡಿದವರು. ಕೊಂದ ಪ್ರಾಣಿಗಳ ಲೆಕ್ಕ ಕೊಟ್ಟು ಹೆಮ್ಮೆಪಡುವ ಶಿಕಾರಿಯ ಪುಸ್ತಕಗಳೂ ಇವೆ, ಅವುಗಳನ್ನು ಹೊರಗಿಟ್ಟರೆ ಯಾರೂ ತಕರಾರು ಮಾಡಬೇಕಾಗಿಲ್ಲ. ‘ಜುಗಾರಿ ಕ್ರಾಸ್’ ಆ ಜಾತಿಗೆ ಸೇರಿದ್ದಲ್ಲ.

ಇಲ್ಲಿಯವರೆಗಿನ ವಾದವನ್ನು ಹಿರಿಯರಲ್ಲಿ ಹಲವರು ಒಪ್ಪಿಯಾರು. ಒಪ್ಪಲು ಕಷ್ಟವಾದದ್ದು ಮುಂದಿದೆ. ಈ ಕಾದಂಬರಿಯ ಬಗ್ಗೆ ಪರ ವಿರೋಧ ಮಾತನಾಡಿದ ಶ್ರಾವಕರೆಲ್ಲ ರಕ್ತದ ಬಗ್ಗೆ ಮಾತನಾಡಿದ್ದಾರೆ. ವ್ಯಾಪಾರದ ಬಗ್ಗೆ ಒಬ್ಬರೂ ಮಾತನಾಡಿಲ್ಲ. ವ್ಯಾಪಾರಿ ಸಮುದಾಯವೊಂದು ವ್ಯಾಪಾರದ ಕಾದಂಬರಿಯನ್ನು ಓದಿ ಅದರಲ್ಲಿ ಕೇವಲ ಹೊಡೆದಾಟವನ್ನು ಕಂಡಿತೆಂದರೆ ಏನೆನ್ನಬೇಕು?

ತೇಜಸ್ವಿಯವರ ಕಾಡಿನಲ್ಲಿ ಭಯ ಹುಟ್ಟಿಸುವುದು ಹುಲಿಯಲ್ಲ, ಸರಕು. ಕಾಡಿನಿಂದ ಹೊರಟು ಕೈಯಿಂದ ಕೈಗೆ ಸಾಗಿ ಪೇಟೆ ಸೇರುವ ಸರಕು. ವ್ಯವಹಾರ ಬಲ್ಲ ಯಾರಿಗಾದರೂ ಇದರ ನಡೆ ಗೊತ್ತು. ಕಡಿದ ಮರಕ್ಕೆ ಕಾಡಿನಲ್ಲಿ ಬೆಲೆಯೇ ಇಲ್ಲ. ಕಡಿದವನಿಗೆ ಸಿಕ್ಕುವುದು ಕೂಲಿ. ರಹದಾರಿಯಿಲ್ಲದ ದಿಮ್ಮಿ ಒಂದೊಂದು ತನಿಖಾ ಠಾಣೆ ದಾಟಿದಂತೆ ಅದರ ಬೆಲೆ ಏರುತ್ತದೆ, ಏಕೆಂದರೆ ಅಪಾಯ ಕಡಿಮೆಯಾಗುತ್ತದೆ. ಸಾಮಿಲ್ಲಿನ ಗರಗಸದ ಕೆಳಗೆ ಅದು ಹಲಗೆಯಾದ ಕ್ಷಣದಲ್ಲಿ ಇಲಾಖೆಯ ಸುತ್ತಿಗೆಯ ಗುರುತು ಇತ್ತೇ ಇರಲಿಲ್ಲವೇ ಎಂದು ಕೇಳುವ ದಾರಿಯೇ ಮುಚ್ಚುತ್ತದೆ. ಅಲ್ಲಿಂದಾಚೆಗೆ ಅದು ಸಭ್ಯ ಸರಕು. ಅದಕ್ಕೆ ಬಿಲ್ಲು ಉಂಟು, ಲೆಡ್ಜರಿನಲ್ಲಿ ಪುಟವುಂಟು, ಅಂಗಡಿಯ ಗಲ್ಲದ ಮೇಲೆ ಊದುಬತ್ತಿಯೂ ಉಂಟು. ಕೊನೆಯಲ್ಲಿ ಕೊಳ್ಳುವವನ ಕೈಗೆ ರಕ್ತ ಹತ್ತುವುದಿಲ್ಲ. ಆದರೆ ಅವನು ಕೊಳ್ಳುವುದಿಲ್ಲವೆಂದಿದ್ದರೆ ಮೊದಲನೆಯ ಕೊಡಲಿಯೇ ಏಳುತ್ತಿರಲಿಲ್ಲ.

ಇದಕ್ಕೆ ಜೈನಶಾಸ್ತ್ರದಲ್ಲಿ ಹೆಸರಿಲ್ಲವೇ? ಇದೆ. ಉಮಾಸ್ವಾತಿಗಳು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಸ್ತೇನಪ್ರಯೋಗ, ಅಂದರೆ ಕಳ್ಳನಿಗೆ ಪ್ರೇರಣೆ ಕೊಡುವುದು. ತದಾಹೃತಾದಾನ, ಕಳ್ಳನು ತಂದದ್ದನ್ನು ಕೊಳ್ಳುವುದು. ರಾಜ್ಯದ ಕಟ್ಟಳೆ ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಕಲಬೆರಕೆ ಮಾಡುವುದು ಉಳಿದ ಮೂರು. ತೂಕ ಮತ್ತು ಕಲಬೆರಕೆಗಳ ಮಾತನ್ನು ಪರ್ಯೂಷಣದ ಪ್ರವಚನಗಳಲ್ಲಿ ಬೇಕಾದಷ್ಟು ಕೇಳುತ್ತೇವೆ. ತದಾಹೃತಾದಾನದ ಮಾತು ಅಪರೂಪ. ಕಳ್ಳಸರಕನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವುದು ಚಾಕಚಕ್ಯತೆಯೆಂದೇ ಪೇಟೆಯಲ್ಲಿ ಹೆಸರು ಪಡೆದಿರುವಾಗ ಅದನ್ನು ಅತಿಚಾರವೆಂದು ಯಾರು ಹೇಳಿಯಾರು?

ಇನ್ನೂ ಒಂದು ಪಟ್ಟಿ ಇದೆ. ಶ್ರಾವಕನು ಮಾಡಬಾರದ ಹದಿನೈದು ಕ್ರೂರ ಜೀವನೋಪಾಯಗಳನ್ನು ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ವೂ ಪಂಡಿತ ಆಶಾಧರರ ‘ಸಾಗಾರಧರ್ಮಾಮೃತ’ವೂ ಹೇಳುತ್ತವೆ. ಶ್ವೇತಾಂಬರ ದಿಗಂಬರರಿಬ್ಬರಿಗೂ ಪರಿಚಿತವಾದ ಪಟ್ಟಿ ಇದು. ಅದರಲ್ಲಿ ಕಾಡು ಕಡಿದು ಬದುಕುವ ವನಜೀವಿಕೆ, ಇದ್ದಿಲಿಗಾಗಿ ಸುಡುವ ಅಂಗಾರಕರ್ಮ, ಕಾಡಿಗೆ ಬೆಂಕಿಯಿಡುವ ದವದಾನ, ಕೆರೆ ಬತ್ತಿಸುವ ಸರಃಶೋಷ, ದಂತದ ವಾಣಿಜ್ಯ ಎಲ್ಲವೂ ಸೇರಿವೆ. ಭಾರತ ಸರಕಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ತಂದದ್ದು 1972ರಲ್ಲಿ, ಅರಣ್ಯ ಸಂರಕ್ಷಣಾ ಕಾಯ್ದೆಯನ್ನು 1980ರಲ್ಲಿ. ಕಾರ್ಯಯೋಜನೆಯಿಲ್ಲದೆ ಅರಣ್ಯದಲ್ಲಿ ಮರ ಕಡಿಯಬಾರದೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು 1996ರ ಡಿಸೆಂಬರ್ 12ರಂದು. ಆಚಾರ್ಯರು ಎಂಟು ನೂರು ವರ್ಷ ಮುಂಚೆಯೇ ಹೇಳಿಬಿಟ್ಟಿದ್ದರು. ಇದನ್ನು ಸಮ್ಮೇಳನದ ವೇದಿಕೆಗಳಲ್ಲಿ ಹೆಮ್ಮೆಯಿಂದ ಉದಾಹರಿಸುವ ಶ್ರಾವಕರು, ಆ ನಿಷಿದ್ಧ ವ್ಯಾಪಾರ ಹೇಗೆ ನಡೆಯುತ್ತದೆಂದು ಕನ್ನಡದಲ್ಲಿ ಒಬ್ಬರು ಕಾದಂಬರಿಯಾಗಿ ಬರೆದರೆ ಅದನ್ನು ಅಟ್ಟಕ್ಕೆ ಹಾಕುತ್ತಾರೆ!

ಕಾಡು ಮಲೆನಾಡಿನ ವಿಷಯ, ಬಯಲುಸೀಮೆಯ ವರ್ತಕರಿಗೆ ಅದರಿಂದೇನು ಎಂಬ ಮಾತೂ ಬರುತ್ತದೆ. ನೆಲಮಂಗಲ ತಾಲೂಕಿನ ಮಣ್ಣೆ ಒಂದು ಕಾಲಕ್ಕೆ ಮಾನ್ಯಪುರ, ಗಂಗ ಅರಸರ ರಾಜಧಾನಿ. ದಂಡನಾಯಕ ಶ್ರೀವಿಜಯನು ಅಲ್ಲಿ ಬಸದಿ ಕಟ್ಟಿಸಿದ್ದನ್ನು ಕ್ರಿ.ಶ. 797ರ ತಾಮ್ರಶಾಸನ ಹೇಳುತ್ತದೆ. ಅದೇ ತಾಲೂಕಿನ ಶಿವಗಂಗೆ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಚಿರತೆ ಓಡಾಡುತ್ತದೆ. 2024ರ ನವೆಂಬರ್ ತಿಂಗಳಿನಲ್ಲಿ ಹುಲ್ಲು ತರಲು ಹೋದ ಮಹಿಳೆಯೊಬ್ಬರು ಅಲ್ಲಿ ಚಿರತೆಗೆ ಬಲಿಯಾದರು. 2007ರಲ್ಲಿ ರಾಮನಗರ ಜಿಲ್ಲೆಯಾಗುವವರೆಗೆ ಬೆಂಗಳೂರು ಗ್ರಾಮಾಂತರಕ್ಕೇ ಸೇರಿದ್ದ ಮಾಗಡಿಯ ಚಿರತೆಯ ಕಥೆಯನ್ನು ಕೆನೆತ್ ಆಂಡರ್ಸನ್ ಬರೆದರು, ತೇಜಸ್ವಿಯವರೇ ಅದನ್ನು ಕನ್ನಡಕ್ಕೆ ತಂದರು. ಹುಲ್ಲಿನ ಹೊರೆ ಹೊತ್ತು ಸಂಜೆ ಮನೆ ಸೇರುವುದೇ ಬದುಕುಳಿಯುವ ಸಾಹಸವಾಗಿರುವ ಜನ ಪೇಟೆಯಿಂದ ಒಂದೆರಡು ಗಾವುದ ದೂರದಲ್ಲಿದ್ದಾರೆ. ಬೆಟ್ಟದ ಬುಡದವರೆಗೆ ಬಡಾವಣೆ, ಕಲ್ಲುಕ್ವಾರಿಗಳು ಹಬ್ಬಿದ ಮೇಲೆ ಚಿರತೆ ಎಲ್ಲಿಗೆ ಹೋಗಬೇಕು?

ಸರಃಶೋಷಕ್ಕಂತೂ ದೂರ ಹೋಗಬೇಕಾಗಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಸೀಮೆಯ ಕೆರೆಗಳನ್ನು ತುಂಬಿಸಿ ಹೆಸರಘಟ್ಟಕ್ಕೆ ಇಳಿಯುತ್ತಿದ್ದ ಅರ್ಕಾವತಿಯ ಪಾತ್ರದಲ್ಲಿ ಇಂದು ನೀರನ್ನು ಹುಡುಕಬೇಕು. 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು ಹೆಸರಘಟ್ಟದ ಜಲಾಶಯ ಕಟ್ಟಿದ್ದು ಈ ನದಿಯನ್ನೇ ನಂಬಿ. ರಾಜಕಾಲುವೆ ಮುಚ್ಚಿ ಎದ್ದ ಬಡಾವಣೆಗಳಲ್ಲಿ ನಿವೇಶನ ಕೊಂಡವರು, ಮಾರಿದವರು, ಆ ಹಣದಲ್ಲಿ ದಾನ ಕೊಟ್ಟವರು ಯಾರು ಯಾರೆಂದು ಕೇಳಲು ಈ ಪುಟಗಳು ಸ್ಥಳವಲ್ಲ. ಆಯಾ ಟ್ರಸ್ಟಿನ ಲೆಕ್ಕಪರಿಶೋಧಕರಿಗೆ ಗೊತ್ತಿರುತ್ತದೆ. ಭೂಮಾರಾಟದ ದೇಣಿಗೆಯನ್ನು ಹೆಸರಿನ ಫಲಕದೊಡನೆ ಸ್ವೀಕರಿಸುವ ಆಡಳಿತ ಮಂಡಳಿ ಒಂದು ಕಾದಂಬರಿಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗುವುದನ್ನು ಕಂಡರೆ ಲೇಶ್ಯೆಯ ಮರದಡಿಯ ಆರು ಜನರಲ್ಲಿ ಅದು ಎಷ್ಟನೆಯವನ ಪಕ್ಕದಲ್ಲಿ ನಿಂತಿದೆಯೆಂಬ ಸಂದೇಹ ಬರುವುದು ಸಹಜ.

2000ದ ಜುಲೈ 30ರಂದು ಗಾಜನೂರಿನಿಂದ ವರನಟ ರಾಜಕುಮಾರರನ್ನು ವೀರಪ್ಪನ್ ಅಪಹರಿಸಿ 108 ದಿನ ಕಾಡಿನಲ್ಲಿಟ್ಟಿದ್ದ. ಆ 108 ದಿನವೂ ಕರ್ನಾಟಕದ ಪ್ರತಿ ಮನೆಯಲ್ಲಿ, ಜೈನ ಮನೆಗಳಲ್ಲಿಯೂ, ಬೆಳಗಿನ ಪತ್ರಿಕೆಗಾಗಿ ಕಾದು ಕುಳಿತಿದ್ದರು. ಇಂದು ಎಲ್ಲಿದ್ದಾರೆ, ಏನು ತಿಂದರು, ಯಾರು ದೂತರಾಗಿ ಹೋದರು ಎಂದು ಕೇಳಿದ್ದು ಕಾಡಿನ ರೋಮಾಂಚಕ ಕಥೆಯನ್ನೇ. ಅದನ್ನು ಯಾರೂ ದುಃಶ್ರುತಿಯೆನ್ನಲಿಲ್ಲ, ಎನ್ನಬೇಕಾಗಿಯೂ ಇರಲಿಲ್ಲ. ಅಂದು ಕೇಳದೆ ಉಳಿದ ಪ್ರಶ್ನೆ ಬೇರೆ. ಅಷ್ಟು ವರ್ಷಗಳ ಕಾಲ ಅವನು ಕಡಿದ ಗಂಧವನ್ನು ಕೊಂಡವರು ಯಾರು? 2004ರ ಅಕ್ಟೋಬರ್ 18ರಂದು ಅವನು ಗುಂಡಿಗೆ ಬಲಿಯಾದ. ಕೊಂಡವರ ಹೆಸರು ಯಾವ ಪತ್ರಿಕೆಯ ಮುಖಪುಟದಲ್ಲಿ ಬಂದಿತ್ತು?

ಅಷ್ಟವಿಧಾರ್ಚನೆಯಲ್ಲಿ ಜಲದ ನಂತರದ ದ್ರವ್ಯ ಗಂಧ. ಕರ್ನಾಟಕದಲ್ಲಿ ಶ್ರೀಗಂಧದ ಮರ, ಅದು ಯಾರ ಹಿತ್ತಿಲಿನಲ್ಲಿ ಬೆಳೆದಿದ್ದರೂ, ಬಹುಕಾಲ ಸರಕಾರದ ಸ್ವತ್ತಾಗಿತ್ತು. ಬೆಳೆದವನಿಗೇ ಅದರ ಒಡೆತನ ಕೊಟ್ಟ ತಿದ್ದುಪಡಿ ಬಂದದ್ದು 2001ರಲ್ಲಿ. ಅದಕ್ಕೆ ಮುಂಚೆ ಸರಕಾರದ ಕೋಠಿಯ ಮೂಲವಿಲ್ಲದ ಕೊರಡು ಅಗ್ಗದ ದರಕ್ಕೆ ಬಾಗಿಲಿಗೆ ಬಂದಿತೆಂದರೆ ಅದು ಎಲ್ಲಿಂದ ಬಂದಿರಬೇಕೆಂದು ತಿಳಿಯಲು ವರ್ತಕನಿಗೆ ಪಾಂಡಿತ್ಯ ಬೇಕಾಗಿರಲಿಲ್ಲ. ಭಗವಂತನ ಪಾದಕ್ಕೆ ತೇಯ್ದ ಗಂಧದಲ್ಲಿ ತದಾಹೃತಾದಾನದ ದೋಷ ಎಷ್ಟು ಬಾರಿ ಬೆರೆತಿದೆಯೋ, ಕೇವಲಿಗಳೇ ಬಲ್ಲರು.

ಚಿತ್ತವನ್ನು ಕಲುಷಗೊಳಿಸುವುದು ದುಃಶ್ರುತಿ ಎಂದಾದರೆ, ‘ಜುಗಾರಿ ಕ್ರಾಸ್’ ಓದಿದ ವರ್ತಕನ ಚಿತ್ತ ಕಲುಷವಾಗುವುದೇ? ಕಲಕುವುದು ನಿಜ. ಆದರೆ ತಳದಲ್ಲಿ ಮೊದಲೇ ಇದ್ದ ಕೆಸರು ಮೇಲೆ ಬಂದದ್ದಕ್ಕೂ ಹೊರಗಿನಿಂದ ಕೆಸರು ಸುರಿದದ್ದಕ್ಕೂ ವ್ಯತ್ಯಾಸವಿದೆ. ಪ್ರಾಣಭಯದ ನಡುವೆಯೂ ಕೆಂಪುಕಲ್ಲಿನ ಹೊಳಪಿಗೆ ಕಣ್ಣು ಸೋಲುವ ಮನುಷ್ಯರನ್ನು ಆ ಪುಟಗಳಲ್ಲಿ ಕಂಡಾಗ ಬಾವಿಯಲ್ಲಿ ನೇತಾಡುವವನ ಬಾಯಿಗೆ ಬಿದ್ದ ಜೇನಿನ ಹನಿ ನೆನಪಾಗದಿದ್ದರೆ ಅದು ಓದಿದವನ ಸ್ವಾಧ್ಯಾಯದ ಕೊರತೆ. ಸಂಸಾರದಲ್ಲಿ ಭಯ ಹುಟ್ಟಿಸುವ ಕಥೆಯನ್ನು ಪೂರ್ವಾಚಾರ್ಯರು ಸಂವೇಜಿನೀ ಎಂದು ಕರೆದು ಸತ್ಕಥೆಗಳ ಸಾಲಿನಲ್ಲಿಯೇ ಇಟ್ಟಿದ್ದಾರೆ. ತೇಜಸ್ವಿಯವರು ಜಿನಸೇನರಾಗಲಿ ಎಂದು ಯಾರೂ ಬಯಸಬೇಕಾಗಿಲ್ಲ, ಅವರಿಗೂ ಆ ಹಂಬಲವಿರಲಿಲ್ಲ. ಸ್ವಾಧ್ಯಾಯದ ಗ್ರಂಥಗಳ ಕಪಾಟು ಬೇರೆಯೇ ಇರಲಿ, ಹಿರಿಯರ ಅಷ್ಟು ಮಾತನ್ನು ಒಪ್ಪಬೇಕು. ಚಿಕ್ಕ ಮಕ್ಕಳ ಕೈಗೆ ಕೊಡುವ ಅವಸರವೂ ಬೇಡ. ಆದರೆ ಅಂಗಡಿ ನಡೆಸುವ ಪ್ರತಿ ಶ್ರಾವಕನೂ ಅದನ್ನು ಒಮ್ಮೆ ಓದುವಂತೆ ಟ್ರಸ್ಟುಗಳು ಏರ್ಪಾಡು ಮಾಡಬೇಕು. ಪರ್ಯೂಷಣದ ಅಚೌರ್ಯದ ಪ್ರವಚನದಂದೇ ಆ ಚರ್ಚೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮೊಮ್ಮಗಳನ್ನೂ ಕರೆಯಲಿ, ಪುಸ್ತಕವನ್ನು ಕೊನೆಯವರೆಗೆ ಓದಿದವಳು ಆ ಮನೆಯಲ್ಲಿ ಅವಳೊಬ್ಬಳೇ.

ಮುಂದಿನ ಸಭೆಯಲ್ಲಿ ಆಡಳಿತ ಮಂಡಳಿಯವರು ಪುಸ್ತಕ ಭಂಡಾರದ ದಾಸ್ತಾನು ವಹಿಯನ್ನು ತರಿಸುವಾಗ ಅದರ ಜೊತೆಗೆ ಪೂಜಾದ್ರವ್ಯದ ಖರೀದಿ ವಹಿಯನ್ನೂ, ಬಾಗಿಲು ತೊಲೆಗಳಿಗೆಂದು ಕೊಂಡ ಮರದ ಬಿಲ್ಲುಗಳ ಕಟ್ಟನ್ನೂ ತರಿಸಲಿ. ಮೂರನ್ನೂ ಒಂದೇ ಮೇಜಿನ ಮೇಲಿಟ್ಟು, ಯಾವುದಕ್ಕೆ ಮೂಲದ ರಸೀದಿ ಇದೆ, ಯಾವುದಕ್ಕೆ ಇಲ್ಲ ಎಂದು ನೋಡಲಿ. ಕಾದಂಬರಿಗಂತೂ ರಸೀದಿ ಇರುತ್ತದೆ.